ಲಾರೆನ್ಸಣ್ಣ ಕಟ್ ಮಾಡಿದ್ದಲ್ಲ

"ಪುನಃ ನಿಂತಿತು ಮಾರಾಯ, ಬೇಗ ಬಾ!" ಅಂತ ನೀವು ಹಿಂದಿನ ಬಾಗಿಲಿಂದ ಕೂಗುವಾಗ ನಾನು ನನ್ನ ರೂಮಲ್ಲಿ ಕೂತು ಸಿನೆಮಾ ಡೌನ್‌ಲೋಡ್ ನಿಲ್ಲಿಸ್ತಾ ಇದ್ದೆ. ಸಿಂತಿಯಾಕ್ಕ, ಆ ಸಿನೆಮಾ ಬರ್ತಾ ಇದ್ದದ್ದು ನಿಮ್ಮ ಲೈನಲ್ಲಿ. ನಿಮ್ಮ ನೆಟ್ ಕದ್ದದ್ದು ನಾನು.

ಕಾಪುವಿನಲ್ಲಿ ನಿಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿದವ ನಾನೇ, ಮತ್ತೆ ನಿಮ್ಮ ಹಿಂದಿನ ರೂಮಿಗೆ ಬಾಡಿಗೆಗೆ ಬಂದವನೂ ನಾನೇ. ವೈಫೈ ಪಾಸ್‌ವರ್ಡ್ ಇಟ್ಟದ್ದು ನಾನು — ಹಾಗಿರುವಾಗ ನನಗೆ ಬೇರೆ ಲೈನ್ ಎಂತಕ್ಕೆ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು, ಆದ್ರೆ ಯಾವ ಮನೆಗೆ ಎಷ್ಟು ಸ್ಪೀಡ್ ಬೇಕು ಅಂತ ಸರೀ ಗೊತ್ತುಂಟು. ನಿಮ್ಮದು ಇನ್ನೂರೈವತ್ತಾರು ಕೆಬಿಪಿಎಸ್ಸಿನ ಲೈನ್, ಎಲ್ಲಕ್ಕಿಂತ ಕಡಿಮೆ ಸ್ಪೀಡಿನದ್ದು. ಕುವೈಟಿನಲ್ಲಿರುವ ಗಂಡನ ಮುಖ ನೋಡ್ಲಿಕ್ಕೆ ಅದು ಸಾಕು. ಅದೇ ಲೈನಲ್ಲಿ ಇನ್ನೊಬ್ಬ ಸಿನೆಮಾ ಎಳೆದ್ರೆ ಸಾಲುದಿಲ್ಲ. ಗೊತ್ತಿಲ್ಲದೆ ಆಯ್ತು ಅಂತ ಹೇಳುದಿಲ್ಲ. ಗೊತ್ತಿದ್ದೇ ಮಾಡಿದ್ದು.

ಶುಕ್ರವಾರ ಲಾರೆನ್ಸಣ್ಣನಿಗೆ ರಜೆ. ನೀವು ತಲೆ ಬಾಚಿ, ಮಗ ರಾಯನ್‌ನನ್ನು ಮಡಿಲಲ್ಲಿ ಕೂರಿಸಿ, ಕಂಪ್ಯೂಟರ್ ಎದುರು ಕಾಯ್ತಿದ್ರಿ. ಸ್ವಲ್ಪ ಮಾತಾಡುವಷ್ಟರಲ್ಲಿ ಅಣ್ಣನ ಮುಖ ನಿಂತೇ ಹೋಗ್ತಿತ್ತು, ಬಾಯಿ ಅರ್ಧ ತೆರೆದು. "ಪಪ್ಪ ಫೋಟೋ ಆದ್ರು" ಅಂತ ಮಗು ನಗ್ತಿತ್ತು. ಮತ್ತೆ ಕಾಲ್ ಕಟ್. ನಾನು ಬಂದು ವಯರ್ ತೆಗೆದು ಪುನಃ ಹಾಕ್ತಿದ್ದೆ — ಸುಮ್ಮನೆ, ನಾಟಕ. ಡೌನ್‌ಲೋಡ್ ನಿಲ್ಲಿಸಿ ಬಂದದ್ದಲ್ವಾ, ಲೈನ್ ಓಡ್ತಿತ್ತು. "ನಿನ್ನ ಕೈಗುಣ ಮಾರಾಯ" ಅಂತ ನೀವು ಪತ್ರೊಡೆ ಕೊಟ್ಟದ್ದುಂಟು. ತಿಂದೆ.

ಒಂದು ಶುಕ್ರವಾರ ನೀವು ನನ್ನ ಮುಖ ನೋಡದೆ ಕೇಳಿದ್ರಿ:

"ಸುಧಾಕರ, ಅವರೇ ಅಲ್ಲಿಂದ ಕಟ್ ಮಾಡುದಾ? ನನ್ನೊಟ್ಟಿಗೆ ಮಾತಾಡ್ಲಿಕ್ಕೆ ಅವರಿಗೆ ಮನಸ್ಸಿಲ್ವಾ?"

ನಾನು ಹೇಳಿದೆ, "ಇಲ್ಲಿ ಲೈನ್ ಸರಿ ಉಂಟಕ್ಕ. ಅಲ್ಲಿಂದ ಮಾಡಿದ್ರೂ ಮಾಡಿರಬಹುದು."

ಕದ್ದದ್ದು ಹೋಗ್ಲಿ. ಈ ಮಾತು —

ಅಣ್ಣ ಊರಿಗೆ ಬಂದಾಗ ನಿಮ್ಮ ಜಗಳ ನನ್ನ ರೂಮಿನವರೆಗೆ ಕೇಳ್ತಿತ್ತು. ನನಗೆ ಕೊಂಕಣಿ ಅಷ್ಟು ಬರುದಿಲ್ಲ. ಆದ್ರೆ "ಕಟ್" ಅನ್ನುವ ಶಬ್ದ ಯಾವ ಭಾಷೆಯಲ್ಲೂ ಕಟ್ಟೇ. ಅಣ್ಣ ಮಗುವಿನ ತಲೆ ಮೇಲೆ ಕೈ ಇಟ್ಟು ಆಣೆ ಹಾಕಿದ್ದನ್ನು ಕಿಟಕಿಯಿಂದ ಕಂಡೆ. ನೀವು ಅವರನ್ನು ನಂಬ್ಲಿಲ್ಲ. ನನ್ನನ್ನು ನಂಬಿದ್ರಿ.

ಆಗಲೇ ಹೋಗಿ ಹೇಳಬಹುದಿತ್ತು. ಕೆಲಸ ಹೋಗ್ತದೆ ಅಂತ ಹೆದರಿಕೆ ಇರ್ಲಿಲ್ಲ, ಲೈನ್ ಹಾಕುವವನಿಗೆ ಮಣಿಪಾಲದಲ್ಲಿ ಬೇಕಾದಷ್ಟು ಕೆಲಸ ಉಂಟು. ನೀವು ನನ್ನನ್ನು ತಮ್ಮ ಅಂತ ನೋಡ್ತಿದ್ರಿ, ಅದು ಹೋಗ್ತದಲ್ಲ ಅಂತ — ಬಿಡಿ. ರೂಮ್ ಖಾಲಿ ಮಾಡಿ ಕಾರ್ಕಳಕ್ಕೆ ಬಂದೆ.

ಮೊನ್ನೆ ಉಡುಪಿ ಬಸ್‌ಸ್ಟ್ಯಾಂಡಲ್ಲಿ ನಿಮ್ಮ ತಮ್ಮ ಸಿಕ್ಕಿದ. ನೀವು ಮಗುವನ್ನು ಕರ್ಕೊಂಡು ತಾಯಿಮನೆಗೆ ಬಂದಿದ್ದೀರಂತೆ. ಅಣ್ಣ ಫೋನ್ ಮಾಡಿದ್ರೆ ಮಗುವಿನ ಕೈಗೆ ಕೊಟ್ಟು ಒಳಗೆ ಹೋಗ್ತೀರಂತೆ. ಕೇಳಿ ನನಗೆ ಬಸ್ ಹತ್ಲಿಕ್ಕೂ ಆಗ್ಲಿಲ್ಲ.

ಲಾರೆನ್ಸಣ್ಣನ ನಂಬರ್ ನಿಮ್ಮ ತಮ್ಮನ ಹತ್ರವೇ ತಗೊಂಡು ನಿನ್ನೆ ಕುವೈಟಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವರು ತುಂಬ ಬೈದ್ರು. ಸರಿಯೇ. ಇವತ್ತು ನಿಮಗೆ ಹೇಳ್ತಿದ್ದೇನೆ: ಅಣ್ಣ ಒಂದು ದಿನವೂ ಕಟ್ ಮಾಡ್ಲಿಲ್ಲ. ನನ್ನನ್ನು ಕ್ಷಮಿಸುದು ಬೇಡ. ಈ ಶುಕ್ರವಾರ ಅವರು ಫೋನ್ ಮಾಡ್ತಾರೆ, ನೀವು ಎತ್ತಿ.

ಇನ್ನು ನನ್ನ ಹತ್ರ ಹೇಳ್ಲಿಕ್ಕೆ ಎಂತದ್ದೂ ಇಲ್ಲ.