ಬಿಚ್ಚಿಟ್ಟ ಚಾಕು

ನಿನ್ನೆ ಸೋಮಶೇಖರ ಒಂದು ಹಿತ್ತಾಳೆ ಪಿನ್ನನ್ನು ಕಾಗದದಲ್ಲಿ ಸುತ್ತಿಕೊಂಡು ಹೆಬ್ಬಗೋಡಿಯ ನಮ್ಮ ಮನೆಗೆ ಬಂದ. ನನ್ನ ಯಜಮಾನರ ಜೊತೆ ತಗಡು ಒತ್ತುವ ಒಂದೇ ಪ್ರೆಸ್ ಮಷೀನಿನಲ್ಲಿ ದುಡಿದವನು. "ಅಕ್ಕ, ಅವತ್ತು ಅಣ್ಣ ಇದೇ ಪಿನ್ ಕೇಳಿದ್ರು. ಅವರ ಚಾಕು ಕೊಡಿ, ಜೋಡಿಸಿ ಕೊಡ್ತೀನಿ. ನೆನಪಿಗೆ ಇರುತ್ತೆ," ಅಂದ. ನನಗೆ ಮೈಯೆಲ್ಲ ಉರಿಯಿತು.

ಆ ಚಾಕುವಿನ ವಿಷಯ ಹೇಳದೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ಚಾಕು, ಕತ್ತರಿ, ಅರ, ಡಬ್ಬಿ ತೆಗೆಯುವ ಕೊಕ್ಕೆ ಎಲ್ಲವೂ ಒಂದರೊಳಗೆ ಮಡಚಿಕೊಳ್ಳುವ ಕೆಂಪು ಚಾಕು ಅದು. ಗುಜರಿ ಅಂಗಡಿಯಿಂದ ತಂದಿದ್ದರು. ತಂದ ದಿನವೇ ನನ್ನ ಚಪಾತಿ ಮಣೆಯ ಮೇಲಿಟ್ಟು ಬಿಚ್ಚಿದರು. ಒಡೆದ ಪ್ಲಾಸ್ಟಿಕ್ ಹೋಗಿ, ಕರೆಂಟಿನ ಬೋರ್ಡಿಗೆ ಹಾಕುವ ಕಂದು ಹೈಲಂ ಶೀಟಿನ ಹಿಡಿ ಬಂತು. ಬಾಟಲಿಯ ಬಿರಡೆ ಕೀಳುವ ಸುರುಳಿಯೊಂದಿತ್ತು. "ಇದ್ಯಾಕೆ ನಮ್ಗೆ? ನೀನೇನಾದ್ರೂ ಕದ್ದು ಕುಡೀತೀಯೇನೇ?" ಎಂದು ನಕ್ಕು ಅದನ್ನೂ ಕಿತ್ತರು. ಆ ಜಾಗಕ್ಕೆ ಹ್ಯಾಕ್ಸಾ ಬ್ಲೇಡು ಮಸೆದು ಪುಟ್ಟ ಸ್ಕ್ರೂಡ್ರೈವರ್ ಕೂರಿಸಿದರು, ನನ್ನ ಹೊಲಿಗೆ ಮಷೀನಿನ ಬಾಬಿನ್ ಕೇಸಿಗೆಂದು.

ಅಷ್ಟಕ್ಕೆ ಸುಮ್ಮನಾಗುವ ಮನುಷ್ಯರಲ್ಲ. ಎರಡು ತಿಂಗಳಿಗೊಮ್ಮೆ ಏನಾದರೂ ಬದಲಾಯಿಸಬೇಕು. ತುಂಡುಗಳನ್ನೆಲ್ಲ ಹಿಡಿದಿಡುವ ಪಿನ್ ಒಮ್ಮೆ ಹೊಡೆದು ತೆಗೆದರೆ ಮತ್ತೆ ಕೆಲಸಕ್ಕೆ ಬಾರದು; ಹೊಸದು ಹಾಕಿ ಎರಡೂ ತುದಿ ತಟ್ಟಬೇಕು. ಅಲ್ಲಿಯವರೆಗೆ ತುಂಡುಗಳ ವಾಸ ನನ್ನ ಇಡ್ಲಿ ತಟ್ಟೆಯಲ್ಲಿ, ಗುಳಿಗೊಂದರಂತೆ.

"ಮೊದ್ಲು ಜೋಡಿಸ್ರೀ, ಇಡ್ಲಿ ಬೇಯ್ಸೋದು ಬೇಡ್ವಾ?" ಎಂದು ಆ ಬೆಳಿಗ್ಗೆಯೂ ಗೊಣಗಿದ್ದೆ.

"ಸಂಜೆ ಪಿನ್ ತರ್ತೀನಿ ಕಣೇ."

ನೋಡಿ, ಗಂಡನಿಗೆ ನಾನಾಡಿದ ಕೊನೆಯ ಮಾತು ಇಡ್ಲಿ ತಟ್ಟೆಯದು. ಮಧ್ಯಾಹ್ನ ಅವರು ಪ್ರೆಸ್ಸಿನಲ್ಲಿ ಸಿಕ್ಕಿ ಸತ್ತರು.

ಕೈಗೆ ಅಡ್ಡವಿರಬೇಕಾದ ಜಾಲರಿಯನ್ನು ಕೆಲಸ ಬೇಗ ಸಾಗಲೆಂದು ಕಂಪನಿಯವರೇ ಕಿತ್ತಿಟ್ಟಿದ್ದರು. ಒಳಗೆ ಸಿಕ್ಕಿದ ತಗಡನ್ನು ಕೈಯಿಂದಲೇ ಎಳೆಯಿರಿ ಎನ್ನುತ್ತಿದ್ದ ಸೂಪರ್‌ವೈಸರ್. ಇವರು ಮನೆಗೆ ಬಂದು ದಿನಾ ಹೇಳುತ್ತಿದ್ದರು. ಕಂಪನಿಯ ಕಾಗದದಲ್ಲಿ ಇರುವುದೇ ಬೇರೆ: 'ತನ್ನ ಸ್ವಂತ ಜೇಬುಚಾಕುವಿನಿಂದ ಚಾಲೂ ಮಷೀನನ್ನು ಕೆದಕಿದ್ದೇ ಸಾವಿಗೆ ಕಾರಣ.' ಅದಕ್ಕೆ ನಾನು ಒಪ್ಪಿ ಸಹಿ ಹಾಕಬೇಕಂತೆ. ಇವರ ಜೇಬಿನಲ್ಲಿ ಸದಾ ಚಾಕು ಇರುವುದು ಎಲ್ಲರಿಗೂ ಗೊತ್ತು. ಸುಳ್ಳು ಹೇಳಲು ಅಷ್ಟೇ ಸಾಕಾಯಿತು. ಅವತ್ತು ಅದು ನನ್ನ ಅಡುಗೆಮನೆಯಲ್ಲಿ ತುಂಡುತುಂಡಾಗಿ ಬಿದ್ದಿತ್ತೆಂದು ಅವರಿಗೇನು ಗೊತ್ತು!

"ಅದನ್ನ ಜೋಡಿಸ್ಬಿಟ್ರೆ ನನ್ನತ್ರ ಸಾಕ್ಷಿಗೆ ಇನ್ನೇನಪ್ಪ ಉಳಿಯುತ್ತೆ?" ಎಂದೆ ಸೋಮಶೇಖರನಿಗೆ. "ಪಿನ್ ಬೇಡ ನಂಗೆ. ಬಾಯಿ ಬಿಡು. ಪಕ್ಕದಲ್ಲೇ ಇದ್ಯಲ್ಲ, ಚಾಕು ನೋಡಿದ್ಯಾ?"

"ಇಲ್ಲ ಅಕ್ಕ. ಬರೀ ಕೈ ಹಾಕಿದ್ರು." ತಲೆ ತಗ್ಗಿಸಿದ. "ಹೇಳಿದ್ರೆ ಕೆಲ್ಸ ಹೋಗುತ್ತೆ."

"ನನ್ ಯಜಮಾನ್ರೇ ಹೋದ್ರಲ್ಲೋ!"

ನನ್ನ ದನಿ ಕೇಳಿ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಇಷ್ಟು ವರ್ಷದಲ್ಲಿ ನಾನು ಕೂಗಿದ್ದನ್ನು ಅವರು ಕೇಳಿಯೇ ಇರಲಿಲ್ಲ; ನಾನೂ ಕೇಳಿರಲಿಲ್ಲ.

ಒಂದು ಬಿಳಿ ಹಾಳೆ ತೆಗೆದುಕೊಂಡು, ಅವನು ಈಗ ಹೇಳಿದ್ದನ್ನೇ ಬರೆದೆ. ಕೆಳಗೆ ನನ್ನ ಸಹಿ ಹಾಕಿ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು, ಪೆನ್ನನ್ನು ಅವನ ಕಡೆ ತಳ್ಳಿದೆ.

ಅವನು ತುಂಬಾ ಹೊತ್ತು ಪೆನ್ನು ಮುಟ್ಟಲಿಲ್ಲ. ಎದ್ದೂ ಹೋಗಲಿಲ್ಲ.