ಸರಗೂರಿನಲ್ಲಿ ಸೀಟಿ ಊದುವವನು

"ನೀವು ಹುಣಸೂರು ಟೀಮೋ, ನಮ್ ಟೀಮೋ?"

ಬಾಡಿಗೆ ಮನೆ ಕೇಳಲು ಹೋದವನಿಗೆ ಇಂಥ ಪ್ರಶ್ನೆ ಎದುರಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಜಾತಿ ಕೇಳಬಹುದು, ಅಡ್ವಾನ್ಸ್ ಕೇಳಬಹುದು, ಬಾಡೂಟ ಮಾಡುತ್ತೀರಾ ಎಂದು ಕೇಳಬಹುದು. ಎಲ್ಲಕ್ಕೂ ಬಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಮನೆಯೊಡತಿ ಚಿಕ್ಕತಾಯಮ್ಮ ತಲೆ ಎತ್ತದೆ ಕೇಳಿದ್ದು ಮಾತ್ರ ಇದನ್ನು. ನಾನು ತಡವರಿಸಿ, "ನಮ್ದು ವಿಜಾಪುರ ಜಿಲ್ಲಾ ರೀ, ಇಂಡಿ ಕಡೆ" ಅಂದೆ.

"ಅದ್ಯಾವ ಟೀಮು?"

"ನಮಗ ಟೀಮ್ ಇಲ್ರೀ."

ಆಗ ಅವರು ತಲೆ ಎತ್ತಿದರು. ತಂದೆತಾಯಿ ಇಲ್ಲದ ಮಗುವನ್ನು ನೋಡುವ ಹಾಗೆ ನೋಡಿ, "ಅಯ್ಯೋ, ಹೋಗ್ಲಿ ಬುಡಿ, ಬಲಗಾಲಿಟ್ಟು ಬನ್ನಿ" ಅಂದರು. ನಮಗೆ ಮನೆ ಸಿಕ್ಕಿದ್ದು ಹೀಗೆ.

ಇಂಡಿ ತಾಲ್ಲೂಕಿನ ನನ್ನ ಗೆಳೆಯರು ಫೋನಿನಲ್ಲಿ, "ಮೈಸೂರು ಕಡೆ ಹೋಗೀಯಲ್ಲೋ, ಆರಾಮ ಆತು ಬಿಡು" ಅನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಧೈರ್ಯಶಾಲಿಯ ಹಾಗೆ ಬರೆಯಬೇಕೆಂಬ ಆಸೆ ನನಗೂ ಇದೆ, ಆದರೆ ಸುಳ್ಳು ಯಾಕೆ? ನಾನು ಇಲ್ಲಿಗೆ ಬಂದ ದಿನದಿಂದ ಹೆದರಿಕೊಂಡೇ ಇದ್ದೇನೆ. ಸರಗೂರಿನ ಪ್ರೌಢಶಾಲೆಯೊಂದಕ್ಕೆ ದೈಹಿಕ ಶಿಕ್ಷಕನಾಗಿ ಬಂದೆ. ಮಕ್ಕಳಿಗೆ ಓಡಲು ಕಲಿಸುವ ಮಾಸ್ತರ ಸಂಜೆ ಶಾಲೆ ಬಿಟ್ಟ ಮೇಲೆ ಹೆದರಿ ತಾನೇ ಮನೆಗೆ ಓಡುತ್ತಿದ್ದ. ಯಾಕೆಂದರೆ ನಮ್ಮ ಕಡೆ ಮರವಿಲ್ಲದ ಕಪ್ಪು ಎರಿ ಹೊಲದಲ್ಲಿ ನಿಂತರೆ ಎರಡು ಮೈಲಿ ಆಚೆ ಬರುವ ಮನುಷ್ಯನೂ ಕಾಣುತ್ತಾನೆ. ಇಲ್ಲಿ ಹತ್ತು ಹೆಜ್ಜೆ ಆಚೆ ಬೇಲಿ, ಬೇಲಿಯಾಚೆ ಮರ, ಮರದಾಚೆ ಕಾಡು. ಅದರಾಚೆ ಏನು ನಿಂತಿದೆಯೋ ದೇವರೇ ಬಲ್ಲ. ಆನೆ ಬರದಿರಲಿ ಎಂದು ಕಾಡಂಚಿನಲ್ಲಿ ಉದ್ದಕ್ಕೂ ಹಳ್ಳ ತೋಡಿದ್ದಾರೆ, ಕಂದಕ ಅನ್ನುತ್ತಾರೆ. ಅದನ್ನೂ ದಾಟಿ ರಾಗಿ ಹೊಲಕ್ಕೆ ಬರುತ್ತವಂತೆ. ಇದನ್ನು ಹೇಳುವಾಗ ಇಲ್ಲಿನವರು ನಗುತ್ತಾರೆ. ನಾನು ಎದ್ದು ಹೋಗಿ ಬಾಗಿಲಿನ ಚಿಲಕ ಇನ್ನೊಮ್ಮೆ ನೋಡುತ್ತೇನೆ.

ನನ್ನ ಹೆಂಡತಿ ಕಸ್ತೂರಿಯದು ಇನ್ನೂ ಕಷ್ಟ. ಮೊದಲ ತಿಂಗಳು ಹೊಸ್ತಿಲು ದಾಟಲಿಲ್ಲ. ಮಾತು ತಿಳಿಯದು, ಜೋಳ ಸಿಗದು, ಮಾತಾಡಲು ಜನ ಇಲ್ಲ. ಅವ್ವನಿಗೆ ಫೋನ್ ಹಚ್ಚಿ ಅಳುವುದು, ಇಟ್ಟ ಮೇಲೆ ಮತ್ತೆ ಅಳುವುದು. "ಹೊಳ್ಳಿ ಹೋಗೂಣು ನಡೀರಿ, ಕೂಲಿ ಮಾಡಿ ತಿಂದ್ರೂ ನಮ್ಮೂರಾಗ ತಿನ್ನೂಣು" ಅನ್ನುವಳು. ಒಂದು ಮಧ್ಯಾಹ್ನ ಚಿಕ್ಕತಾಯಮ್ಮ ಮುದ್ದೆ, ಉಪ್ಸಾರು ತಂದು ಅವಳ ಮುಂದೆ ಇಟ್ಟರು. ಉಪ್ಸಾರೆಂದರೆ ಕಾಳು ಸೊಪ್ಪು ಬೇಯಿಸಿದ ಉಪ್ಪಿನ ಕಟ್ಟು, ಪಕ್ಕದಲ್ಲಿ ಅರೆದ ಖಾರ. ಕಸ್ತೂರಿ ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತ ಕೂತದ್ದನ್ನು ನೋಡಿ, "ಅಗೀಬ್ಯಾಡ ಕಣವ್ವ, ನುಂಗು. ಹಲ್ಲಿಗೂ ರಜಾ ಬ್ಯಾಡ್ವಾ?" ಅಂದರು. ಅವಳು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಇನ್ನು ಆ ಟೀಮಿನ ವಿಷಯ. ಇಲ್ಲಿಗೆ ಫುಟ್ಬಾಲ್ ಬಂದದ್ದು ಶುಂಠಿಯ ಜೊತೆಗೆ. ಕೇರಳದವರು ಇಲ್ಲಿ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಅವರ ಕೆಲಸದ ಹುಡುಗರು ಸಂಜೆ ಖಾಲಿ ಹೊಲದಲ್ಲಿ ಚೆಂಡು ಒದೆಯುತ್ತಿದ್ದರಂತೆ. ಸರಗೂರಿನ ಹುಡುಗರು ಮೊದಲು ಬೇಲಿಯ ಹೊರಗೆ ನಿಂತು ನೋಡಿದರು, ಆಮೇಲೆ ಬೇಲಿ ದಾಟಿದರು. ಶುಂಠಿ ಕೀಳಲು ಹೋದ ಹೆಂಗಸರು ಬುತ್ತಿ ಬಿಚ್ಚಿಕೊಂಡು ನೋಡುತ್ತ ಕೂತರು. ಆಡಿ ಬಸವಳಿದ ಹುಡುಗನೊಬ್ಬನಿಗೆ ಒಬ್ಬಾಕೆ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟರು. ಆಕೆಯೇ ನಮ್ಮ ಚಿಕ್ಕತಾಯಮ್ಮ.

ಅಲ್ಲಿಂದ ಶುರುವಾಯಿತು. ಊರ ತಂಡ ಹಳದಿ ಅಂಗಿ ತೊಟ್ಟಿತು, ಪ್ರತಿ ಆಟಗಾರನಿಗೂ ಒಂದು ಊಟದ ಮನೆ ಗೊತ್ತಾಯಿತು. ಪಂದ್ಯದ ದಿನ ಅವನು ಆ ಮನೆಯಲ್ಲಿ ಉಂಡೇ ಮೈದಾನಕ್ಕೆ ಇಳಿಯಬೇಕು. ಆ ಮನೆಯವರೆಲ್ಲ, ಅಜ್ಜಿಯಿಂದ ಹಿಡಿದು ಮೊಮ್ಮಗಳವರೆಗೆ, ಅವನಿಗಾಗಿ ಗಂಟಲು ಹರಿದುಕೊಳ್ಳಬೇಕು. ಆಟಗಾರರೆಲ್ಲ ಹಂಚಿ ಹೋದ ಮೇಲೆ ಉಳಿದ ಮನೆಯವರು ಜಗಳಕ್ಕೆ ಬಂದರು. ನಮಗ್ಯಾಕೆ ಆಟಗಾರ ಇಲ್ಲ, ನಮ್ಮ ಮನೆ ರಾಗಿ ಏನು ಮಣ್ಣೇ? ಅವರಿಗೆ ಬೆಳಗಿನ ತಿಂಡಿ ಬಿಟ್ಟುಕೊಟ್ಟರು. ಇನ್ನೊಂದು ಬೀದಿಗೆ ಮಜ್ಜಿಗೆ. ಮತ್ತೊಂದು ಬೀದಿಗೆ ಬೆವರಿನ ಅಂಗಿ ಒಗೆಯುವ ಭಾಗ್ಯ! ಹೀಗೆ ಒಬ್ಬೊಬ್ಬ ಆಟಗಾರನ ಬೆನ್ನಿಗೆ ನಾಲ್ಕೈದು ಮನೆ ಸೇರಿ, ಈಗ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಿಕೊಂಡು ಜನ ಬರುತ್ತಾರೆ. ಗೆದ್ದದ್ದಕ್ಕೆ ಜನ ಸೇರಿದರು ಅಂದುಕೊಳ್ಳಬೇಡಿ. ತಂಡ ವರ್ಷಗಟ್ಟಲೆ ಸೋತಿದೆ, ಹುಣಸೂರಿನ ಹಸಿರು ತಂಡದೆದುರು ಅಂತೂ ಸೋತು ಸುಣ್ಣವಾಗಿದೆ. ಒಂದು ಮನೆಯೂ ತನ್ನ ಹುಡುಗನನ್ನು ಕೈಬಿಡಲಿಲ್ಲ. ಸೋತ ದಿನ ಅವನಿಗೆ ಒಂದು ಮುದ್ದೆ ಜಾಸ್ತಿ.

ಚಿಕ್ಕತಾಯಮ್ಮನ ಪಾಲಿನ ಆಟಗಾರ ಚೆಲುವ, ಗೋಲ್‌ಕೀಪರಿನ ಮುಂದೆ ಕಂಬದ ಹಾಗೆ ನಿಂತು, ಕೈ ತಾಗಿಸದೆ ಚೆಂಡು ತಡೆಯಬೇಕಾದ ಹುಡುಗ. ಒಂದು ಪಂದ್ಯದ ದಿನ ಕಸ್ತೂರಿ, ತವರಿನಿಂದ ಬಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು ಅವನ ತಟ್ಟೆಗೆ ಹಾಕಿದಳು. ಅವನು ತಿಂದು, "ಇನ್ನೊಂದು ಆಕಕ್ಕ" ಅಂದ. ಅವಳ ಅಳು ನಿಂತದ್ದು ಅವತ್ತು. ಮುಂದಿನ ಪಂದ್ಯಕ್ಕೆ ಚಿಕ್ಕತಾಯಮ್ಮನ ಟಾರ್ಪಾಲಿನ ಮೇಲೆ ಹಳದಿ ಸೀರೆ ಉಟ್ಟು ಕೂತಳು. ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವಳಿಗೆ ಊರು ಸಿಕ್ಕಿತ್ತು, ನನಗಿನ್ನೂ ಸಿಕ್ಕಿರಲಿಲ್ಲ.

ಆಗಲೇ ಸಿದ್ದರಾಜು ಬಂದರು. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಇವರೇ ತಂಡವನ್ನು ನಡೆಸುವವರು. ನಾನು ರೆಫರಿ ತರಬೇತಿ ಪಡೆದವನೆಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ಹುಣಸೂರೋರ ಜತೆ ಮ್ಯಾಚ್ ಐತೆ ಸಾರ್. ನೀವೇ ಸೀಟಿ ಊದ್ಬೇಕು. ಅವ್ರೂ ಒಪ್ಪವ್ರೆ."

"ನಾನ್ಯಾಕ್ರೀ? ನಾನು ಹೊಸಬ."

"ಅದ್ಕೇ ಕಣ್ರೀ ನೀವು ಬೇಕಾಗಿರೋದು. ನೀವು ಯಾರಿಗೂ ಸೇರಿಲ್ಲ."

ಹೊಗಳಿಕೆಯೆಂದೇ ಅವರು ಹೇಳಿದ್ದು. ನನಗೆ ಮಾತ್ರ ಚುರುಕ್ಕೆಂದಿತು. ಆಮೇಲೆ ನಿಯಮ ಹೇಳಿದರು. ಪಂದ್ಯದ ದಿನ ರೆಫರಿ ಈ ಊರವರ ಕೈಯಿಂದ ಏನೂ ತಿನ್ನಬಾರದು, ಯಾರ ಮನೆಯ ನೀರೂ ಕುಡಿಯಬಾರದು. ಉಂಡರೆ ಉಂಡ ಮನೆಯವನಾಗುತ್ತಾನೆ. ಹಿಂದೊಬ್ಬ ಮೈಸೂರಿನ ರೆಫರಿ ಇಲ್ಲಿ ಒಂದು ಲೋಟ ಟೀ ಕುಡಿದು ಹಳದಿಯವರಿಗೆ ಒಂದು ಗೋಲು ಕೊಟ್ಟನಂತೆ. ಹುಣಸೂರಿನವರು ಅವನ ಬೈಕಿನ ಗಾಳಿ ಬಿಟ್ಟು, ಸುತ್ತ ನೆಲದ ಮೇಲೆ ಕೂತುಬಿಟ್ಟರು. ಬೈಯಲಿಲ್ಲ, ಮುಟ್ಟಲಿಲ್ಲ. ಹೊತ್ತು ಮುಳುಗುವ ತನಕ ಸುಮ್ಮನೆ ನೋಡುತ್ತ ಕೂತಿದ್ದರು. ಅವನು ಮತ್ತೆಂದೂ ಈ ಕಡೆ ತಲೆ ಹಾಕಲಿಲ್ಲ.

"ಹೊಡೆದಿದ್ರೆ ವಾಸಿಯಾಗಿತ್ತು ಸಾರ್" ಅಂದರು ಸಿದ್ದರಾಜು, ನಗುತ್ತ.

ನನಗೆ ನಗು ಬರಲಿಲ್ಲ. ಆ ಪಂದ್ಯದ ದಿನ ಬೆಳಿಗ್ಗೆ ದಿನವೂ ತೆರೆದಿರುತ್ತಿದ್ದ ಚಿಕ್ಕತಾಯಮ್ಮನ ಬಾಗಿಲು ನಮ್ಮ ಕಡೆಗೆ ಮುಚ್ಚಿತ್ತು. ಒಳಗೆ ಚೆಲುವನಿಗೆ ಬಡಿಸುವ ಸದ್ದು, ಹುರುಳಿ ಸಾರಿನ ಘಮ. ಕಸ್ತೂರಿ ಆ ಕಡೆಯೇ ಇದ್ದಳು. ನಾನು ಹಿಂದಿನ ದಿನ ಕಟ್ಟಿಟ್ಟ ಒಣ ರೊಟ್ಟಿ, ಶೇಂಗಾ ಹಿಂಡಿಯನ್ನು ಒಬ್ಬನೇ ಕೂತು ತಿಂದೆ.

ಮೈದಾನವೆಂದರೆ ರಾಗಿ ಕೊಯ್ದ ಹೊಲ. ಒಂದು ಬದಿ ಹಳದಿ, ಇನ್ನೊಂದು ಬದಿ ಹುಣಸೂರಿನಿಂದ ಬಸ್ಸು ಮಾಡಿಕೊಂಡು ಬಂದ ಹಸಿರು. ನಮ್ಮೂರ ಜಾತ್ರೆಯಲ್ಲೂ ಇಷ್ಟು ಜನ ನೋಡಿದ್ದೇನೆ, ಆದರೆ ಅಲ್ಲಿ ಯಾರೂ ನನ್ನನ್ನೇ ನೋಡುತ್ತಿರಲಿಲ್ಲ. ನಾನು ಎಡಕ್ಕೆ ಓಡಿದರೆ ಅಷ್ಟು ಕಣ್ಣೂ ಎಡಕ್ಕೆ. ಸೀಟಿ ಬಾಯಿಗಿಟ್ಟರೆ ಇಡೀ ಹೊಲ ಉಸಿರು ಹಿಡಿಯುತ್ತಿತ್ತು.

ಗೋಲಿಲ್ಲದೆ ಆಟ ಮುಗಿಯುವುದರಲ್ಲಿತ್ತು. ಮುಗಿದರೆ ಸಾಕಪ್ಪಾ ಎಂದು ನಾನು ನಮ್ಮೂರ ಬಸವಣ್ಣನಿಗೆ ಕಾಯಿ ಹರಕೆ ಹೊತ್ತೆ. ಅದೇ ಹೊತ್ತಿಗೆ ಹುಣಸೂರಿನವನು ಒದ್ದ ಚೆಂಡು ಗೋಲಿನತ್ತ ಎದ್ದು ಬಂತು. ಚೆಲುವ ಹಾರಿದ. ಅವನ ಎತ್ತಿದ ಕೈಗೆ ಚೆಂಡು ಬಡಿಯಿತು. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಕಾಣಲಿಲ್ಲ ಅನ್ನುವಂತಿರಲಿಲ್ಲ.

ಊದಿದರೆ ಮನೆ ಹೋಯಿತು. ಕಾಡಂಚಿನ ಈ ಪರವೂರಿನಲ್ಲಿ ಮತ್ತೆ ಬೀದಿ ಬೀದಿ ಅಲೆದು ಮನೆ ಕೇಳಬೇಕು. ಕಸ್ತೂರಿಯ ಅಳು ಮತ್ತೆ ಶುರುವಾಗುತ್ತದೆ. ಇಷ್ಟೆಲ್ಲ ತಲೆಯಲ್ಲಿ ಸುಳಿಯುವ ಮೊದಲೇ ಸೀಟಿ ಊದಿಯಾಗಿತ್ತು. ಕಲಿತ ವಿದ್ಯೆ, ಅದಕ್ಕೆ ಭಯ ಗೊತ್ತಿಲ್ಲ. ಪೆನಾಲ್ಟಿ ಕೊಟ್ಟೆ, ಹುಣಸೂರಿನವರು ಗೋಲು ಹೊಡೆದರು, ಆಟ ಮುಗಿಯಿತು.

ಹಳದಿ ಬದಿ ಎದ್ದು ನಿಂತಿತು. "ಕಣ್ಣು ಕುರುಡಾ ಮೇಷ್ಟ್ರೇ!" "ಎಷ್ಟಕ್ಕೆ ಮಾರ್ಕೊಂಡ್ರಿ!" ಆ ಗದ್ದಲದ ನಡುವೆ ಒಂದು ದನಿ ಮಾತ್ರ ಇಂಡಿಯದು. "ಎಲ್ಲಿ ನೋಡಾಕತ್ತೀರಿ? ಕಣ್ಣು ಕಿತ್ತು ಕಿಸೇದಾಗ ಇಟ್ಕೊಂಡೀರೇನ್ರಿ?" ನನ್ನ ಹೆಂಡತಿ! ಹಳದಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

ಜನರ ನಡುವೆ ಮನೆಗೆ ನಡೆದು ಹೋದೆ. ಯಾರೂ ಮುಟ್ಟಲಿಲ್ಲ, ಮಾತಾಡಿಸಲೂ ಇಲ್ಲ. ಬೈಕಿನ ಸುತ್ತ ಕೂತವರ ಕಥೆ ನೆನಪಾಗಿ ಹೆಜ್ಜೆ ಬೇಗ ಬೇಗ ಹಾಕಿದೆ. ಮನೆಯಲ್ಲಿ ಕಸ್ತೂರಿ ಮುಖ ತಿರುಗಿಸಿ ಕೂತಿದ್ದಳು. ಇಬ್ಬರೂ ದೀಪ ಹಚ್ಚಲಿಲ್ಲ. ಬಾಗಿಲು ಬಡಿದಾಗ ನಾನು ಎದ್ದು ನಿಂತೆ. ಮನೆ ಖಾಲಿ ಮಾಡಲು ಎಷ್ಟು ದಿನ ಕೇಳಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಚಿಕ್ಕತಾಯಮ್ಮನ ಕೈಯಲ್ಲಿ ತಟ್ಟೆ ಇತ್ತು. ತಟ್ಟೆಯಲ್ಲಿ ಎರಡು ಮುದ್ದೆ.

"ಉಣ್ಲಾ" ಅಂದರು. ಅಲ್ಲಿಯವರೆಗೆ ಅವರು ನನ್ನನ್ನು ಮೇಷ್ಟ್ರೇ ಅನ್ನದೆ ಮಾತಾಡಿಸಿದವರಲ್ಲ. "ಬೆಳಗ್ಗಿಂದ ಒಣರೊಟ್ಟಿ ಕಡ್ಕೊಂಡು ಓಡ್ದೆ. ಎಲ್ಲಾರ್ ತಾವೂ ಬೈಸ್ಕಂಡೆ. ನಮ್ ಚೆಲುವ ಕೈ ಕೊಟ್ಟಿದ್ದ ಅಂತ ನಂಗೊತ್ತಿಲ್ವಾ? ಅವ್ನೇ ಯೋಳ್ದ. ಸೋತೋನ್ಗೆ ಒಂದು ಜಾಸ್ತಿ ನಮ್ ಮನೇಲಿ. ಉಣ್ಣು."

ನಾನು ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಎರಡೂ ಮುದ್ದೆ ನುಂಗಿದೆ, ಅಗಿಯದೆ.

ಅವತ್ತಿನಿಂದ ಅವರ ಮನೆಯ ಊಟ ನಮ್ಮ ಊಟವಾಯಿತು. ಪೇಟೆಯಲ್ಲಿ ಜನ ನಿಲ್ಲಿಸಿ ಬೈಯುತ್ತಿದ್ದರು, ಬೈದು ಟೀ ಕುಡಿಸುತ್ತಿದ್ದರು. ಊರಿಗೆ ಹೋದರೆ ಅವ್ವ, "ಏನೋ, ಮೈಸೂರವರಂಗ ಮಾತಾಡ್ತಿ" ಎಂದು ಗದರುವಳು. ಇಷ್ಟರಲ್ಲಿ ಒಂದು ವರ್ಷ ಕಳೆದು ಮತ್ತೆ ರಾಗಿ ಕೊಯ್ಲಾಯಿತು. ಕಳೆದ ವಾರ ಹುಣಸೂರಿನವರು ಮತ್ತೆ ಬಂದರು. ಆ ದಿನವೂ ನಾನು ನಿಯಮದಂತೆ ಯಾರ ಮನೆಯಲ್ಲೂ ಉಣ್ಣದೆ ಸೀಟಿ ಕೊರಳಿಗೆ ಹಾಕಿ ಇಳಿದೆ. ಅವರ ತಂಡದ ಮುಖಂಡ, ಹಸಿರು ಟೋಪಿಯವನು, ಕೈ ಅಡ್ಡ ಹಿಡಿದ.

"ಇವ್ರು ಬ್ಯಾಡ. ಹೊರಗಿನೋರ್ನ ಕರ್ಕೊಬನ್ನಿ."

"ಇವ್ರು ಹೊರಗಿನೋರೇ ಕಣ್ರೀ, ವಿಜಾಪುರದೋರು" ಅಂದರು ಸಿದ್ದರಾಜು. "ಹೋದ್ ಸಲ ನಿಮ್ಗೇ ಪೆನಾಲ್ಟಿ ಕೊಟ್ರಲ್ಲ?"

"ಆಗ ಹೊರಗಿನೋರು. ಈಗ ವರ್ಸವೆಲ್ಲ ನಿಮ್ ಮನೆ ಮುದ್ದೆ ಉಂಡವ್ರೆ. ಇವ್ರು ಸರಗೂರೋರು."

ನಾನು ಇಷ್ಟು ದಿನ ಕೇಳಬೇಕೆಂದು ಕಾದಿದ್ದ ಮಾತು ಅದು. ದೂರಿನ ರೂಪದಲ್ಲಿ ಬಂತು. ಸಿದ್ದರಾಜು ನನ್ನ ಮುಖ ನೋಡಿದರು. ನಾನೇ ಸೀಟಿ ತೆಗೆದು ಅವರ ಕೈಗಿಟ್ಟೆ. ಹುಣಸೂರಿನವರ ಬಸ್ಸಿನ ಜೊತೆ ಬಂದಿದ್ದ ಪಿರಿಯಾಪಟ್ಟಣದ ಮೇಷ್ಟ್ರೊಬ್ಬರು ಅದನ್ನು ಹಾಕಿಕೊಂಡರು. ಅವರ ಮುಖದಲ್ಲಿ ನನ್ನ ಹಳೆಯ ಭಯವೇ ಕಾಣುತ್ತಿತ್ತು. ಚಿಕ್ಕತಾಯಮ್ಮ ಟಾರ್ಪಾಲಿನ ಮೇಲೆ ಸರಿದು ಜಾಗ ಕೊಟ್ಟರು. ಮೊದಲ ಸಲ ಜನರ ನಡುವೆ ಕೂತೆ. ಹಿಂದೆ ಮುಂದೆ ಎಲ್ಲ ನಮ್ಮವರೇ. ಭಯ ಹೋಯಿತೆಂದೇ ಅಂದುಕೊಂಡೆ.

ಆಟದ ಕೊನೆಯಲ್ಲಿ ಚೆಂಡು ಮತ್ತೆ ನಮ್ಮ ಗೋಲಿನ ಮುಂದೆ ಎದ್ದಿತು. ಚೆಲುವ ಮತ್ತೆ ಹಾರಿದ. ಚೆಂಡು ಅವನ ಮೊಣಕೈಗೆ ತಾಕಿ ಹೊರಗೆ ಹೋಯಿತು. ಪಿರಿಯಾಪಟ್ಟಣದ ಮೇಷ್ಟ್ರು ಸೀಟಿ ಬಾಯಿಗಿಟ್ಟು, ಊದದೆ, ನಮ್ಮ ಕಡೆ ನೋಡಿದರು. ಇಡೀ ಹಳದಿ ಬದಿ "ಇಲ್ಲಾ!" ಎಂದು ಎದ್ದು ನಿಂತಿತು. ನಾನೂ ನಿಂತಿದ್ದೆ. ನನ್ನ ಗಂಟಲಿನಿಂದಲೂ ಅದೇ ಬಂದಿತ್ತು, ಎಲ್ಲರಿಗಿಂತ ಜೋರಾಗಿ. ಅವರು ಸೀಟಿ ಕೆಳಗಿಳಿಸಿದರು.

ಎಲ್ಲರ ಜೊತೆ ನಾನೂ ಕೂತೆ. ಕಸ್ತೂರಿ ನನ್ನ ಕಿವಿಯ ಹತ್ತಿರ ಬಂದು, ಯಾರಿಗೂ ಕೇಳದಂತೆ ನಮ್ಮೂರ ಮಾತಿನಲ್ಲಿ ಕೇಳಿದಳು.

"ಕೈಗೆ ಬಡೀತಲ್ರೀ? ನೀವು ನೋಡ್ಲಿಲ್ಲೇನು?"

ನಾನು ನೋಡಿದ್ದೆ. ಸುತ್ತ ಕೂತ ಹಳದಿ ಅಂಗಿಗಳನ್ನೆಲ್ಲ ಒಂದು ಸಲ ನೋಡಿ, ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಸುಮ್ಕಿರು ಕಣೇ" ಅಂದೆ.