ದಿಂಡಿಗೆ ಸುತ್ತಿದ ನಾಲ್ಕು ಪುಸ್ತಕ

ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡವೇ. ಓದು ಬರಹಕ್ಕೆ ಮಾತ್ರ ತಮಿಳು. ಕನ್ನಡದ ಅಕ್ಷರ ಬಲ್ಲವಳು ನಾನೊಬ್ಬಳೇ ಅಂತ ನನ್ನ ಎಣಿಕೆ. ತಾರಮಂಗಲಂನಲ್ಲಿ ನನ್ನಪ್ಪ ಮರಳಿನ ಮೇಲೆ ತಿದ್ದಿಸಿದ್ದ. ಗಂಡನ ಮನೆಯಲ್ಲಿ ನನ್ನದು ಅಂತ ಇದ್ದದ್ದು ಈ ಓದು, ಮತ್ತೆ ಅಪ್ಪ ಕೊಟ್ಟ ನಾಲ್ಕು ಪುಸ್ತಕ. ಅದರ ಜಂಬ ನನಗೆ ಬೇಕಾದಷ್ಟಿತ್ತು, ಸುಳ್ಳೇಕೆ ಹೇಳಲಿ.

ಮೆಟ್ಟೂರಿನಲ್ಲಿ ಅಣೆ ಕಟ್ಟುತ್ತಿದ್ದ ಕಾಲ. ಮೊದಲ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದು ಪೆಟ್ಟಿಗೆ ತೆಗೆದರೆ ಪುಸ್ತಕಗಳಿಲ್ಲ. ಮಗ್ಗದ ಹಿಂದಿನ ಮರದ ದಿಂಡಿಗೆ ಹಾಸಿನ ನೂಲು ಸುತ್ತುವಾಗ, ಒಂದು ಸುತ್ತಿನೊಳಗೆ ಇನ್ನೊಂದು ಹೂತುಕೊಳ್ಳದಿರಲೆಂದು ನಡುನಡುವೆ ಕಾಗದ ಇಡುತ್ತಾರೆ. ಆ ಸಲ ಕಾಗದ ಸಾಲದೆ ಬಂದಿತ್ತಂತೆ. ನಾಲ್ಕೂ ಪುಸ್ತಕ ಹಾಳೆಹಾಳೆಯಾಗಿ ದಿಂಡಿನೊಳಗೆ ಹೋಗಿದ್ದವು.

ಮೈಯೆಲ್ಲ ಉರಿದುಹೋಯಿತು. ಮಾವ ಅನ್ನುವ ಮರ್ಯಾದೆಯನ್ನೂ ಬಿಟ್ಟು ಕೂಗಾಡಿದೆ. ಆ ಮಹಾನುಭಾವರು ಎಲೆಯಡಿಕೆ ಅಗಿಯುತ್ತ, “ಅಳೇ ಕಾಗ್ದ ತಾನೆ ಅಮ್ಮಿ, ಪರವಾಯಿಲ್ಲೆ. ಓಗು, ನೂಲು ಸುತ್ತು,” ಅಂದರು. ಗಂಡ ಮಗ್ಗದ ಗುಂಡಿಯಿಂದ ತಲೆ ಎತ್ತಲಿಲ್ಲ. ಅವನು ನನ್ನ ಸೋದರತ್ತೆಯ ಮಗ, ಜೊತೆಯಲ್ಲಿ ಆಡಿ ಬೆಳೆದವನು, ಅವನಿಗೆ ಬಹುವಚನ ನನ್ನ ನಾಲಗೆಗೆ ಎಂದೂ ಬರಲಿಲ್ಲ. ಬಾಯಿ ಸತ್ತವನೇ ಅಂತ ಅವನನ್ನೂ ಬೈದೆ.

ನೇಯ್ದಂತೆಲ್ಲ ದಿಂಡು ಬಿಚ್ಚಿಕೊಂಡು ಹಾಳೆಗಳು ಒಂದೊಂದಾಗಿ ಉದುರುತ್ತಿದ್ದವು. ದಿಂಡು ಸಡಿಲಿಸಲು ಎದ್ದ ಗಂಡ ಬಿದ್ದ ಹಾಳೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು, ಆಮೇಲೆ ನನ್ನ ಬುಟ್ಟಿಗೆ ಹಾಕುತ್ತಿದ್ದ. ಸೊಂಟ ನೋವಿಗೆ ನಿಲ್ಲುತ್ತಾನೆ ಅಂದುಕೊಂಡಿದ್ದೆ. ನಾನು ನೂಲು ಸುತ್ತುತ್ತಲೇ ಹಾಳೆಗಳ ಮೇಲೆ ಕಣ್ಣಾಡಿಸಿ ಹಲ್ಲು ಕಡಿಯುತ್ತಿದ್ದೆ. ಸಿಟ್ಟಿನಲ್ಲಿ ಓದಿದರೆ ಪುಸ್ತಕದ ಬಣ್ಣ ಬಯಲಾಗುತ್ತದೆ. ಮೊದಲು ಬಂದದ್ದು ಮನೆಮದ್ದಿನ ಪುಸ್ತಕ. ಕೆಮ್ಮಿಗೆ ಬಾದಾಮಿ, ಕೇಸರಿ, ಕಲ್ಲುಸಕ್ಕರೆ! ರಾಗಿ ಮುದ್ದೆ ಉಣ್ಣುವವರು ಕೆಮ್ಮಿಕೊಂಡೇ ಸಾಯಲಿ ಅಂತ ಆ ಪಂಡಿತನ ಅಭಿಪ್ರಾಯವಿರಬೇಕು. ಆಮೇಲೆ ಗೃಹಿಣಿಯರಿಗೆ ಬುದ್ಧಿಮಾತು: ಗಂಡ ಏಳುವ ಮೊದಲು ಏಳು, ಉಂಡ ಮೇಲೆ ಉಣ್ಣು, ದನಿ ಎತ್ತಬೇಡ. ಬರೆದವನು ಹೆಂಡತಿಗೆ ಹೆದರಿ ಜಗಲಿಯ ಮೇಲೆ ಕೂತು ಬರೆದಿದ್ದಾನೆ, ಸಂಶಯವೇ ಇಲ್ಲ. ಮೂರನೆಯವನು ಕಾಶಿಗೆ ಹೋಗಿಬಂದ ಪುಣ್ಯಾತ್ಮ. ಯಾವ ಛತ್ರದಲ್ಲಿ ಎಷ್ಟು ತುಪ್ಪ ಬಡಿಸಿದರು ಅಂತ ಪುಟಗಟ್ಟಲೆ ಕೊರೆದು, ಗಂಗೆಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದ.

ಕೊನೆಯದು ಒಬ್ಬ ವಿಧವೆಯ ಕಾದಂಬರಿ. ಅದನ್ನು ನಾಲ್ಕು ಸಲ ಓದಿ ನಾಲ್ಕು ಸಲವೂ ಅತ್ತಿದ್ದೆ. ಕೊನೆಯಲ್ಲಿ ಅವಳನ್ನು ಬಾವಿಗೆ ಹಾಕಿದ ಆ ಬರೆದವನ ಕೈ ಸೇದಿಹೋಗಲಿ ಅಂತ ಶಾಪವನ್ನೂ ಕೊಟ್ಟಿದ್ದೆ.

ಅದರ ಹಾಳೆಗಳು ಇನ್ನೂ ಬರುತ್ತಿದ್ದಾಗ ಒಂದು ಮಧ್ಯಾಹ್ನ, ಬಂದಷ್ಟನ್ನು ಹೊಲಿದಿಡೋಣ ಅಂತ ಬುಟ್ಟಿಯನ್ನು ಬೋರಲು ಹಾಕಿದೆ. ಜೋಡಿಸುವ ಕೆಲಸವೇ ಇರಲಿಲ್ಲ. ಒಂದರ ಹಿಂದೆ ಒಂದು, ಪುಟಗಳೆಲ್ಲ ಸಾಲಾಗಿದ್ದವು. ಸುತ್ತುವಾಗ ಮೊದಲು ಇಟ್ಟದ್ದು ಬಿಚ್ಚುವಾಗ ಕೊನೆಗೆ ಬರುತ್ತದೆ. ಅಂದರೆ ಯಾರೋ ಪ್ರತಿ ಪುಸ್ತಕವನ್ನೂ ಕೊನೆಯ ಹಾಳೆಯಿಂದ ಶುರುಮಾಡಿ, ಅಂಕಿ ನೋಡಿ ನೋಡಿ ಇಟ್ಟಿದ್ದಾರೆ. ಮಾವನಿಗೆ ಕನ್ನಡದ ಅಂಕಿಯೂ ಬಾರದು. ನಾನು ಗಂಡನ ಮುಖ ನೋಡಿದೆ.

“ಅಪ್ಪ ಕಿತ್ತಾಕು ಅಂದ, ಕಿತ್ತೆ,” ಅಂದ. “ನೇಯ್ತಾ ಓದ್ಬೋದು ಅಂತ ಅಂಗ್ ಇಟ್ಟೆ. ನಿನ್ನ ಕೇಳಿದ್ರೆ ನಗ್ತೀಯ.”

ಮದುವೆಯ ಹೊಸದರಲ್ಲಿ ಅವನು ನನ್ನಿಂದ ನಾಲ್ಕಕ್ಷರ ಹೇಳಿಸಿಕೊಂಡು, ಒಂದು ಸಾಲು ಓದಲು ಹೋಗಿ ತಡವರಿಸಿದ್ದ. ನಾನು ಬಿದ್ದು ಬಿದ್ದು ನಕ್ಕಿದ್ದೆ. ಆಮೇಲೆ ನಾನು ಇಲ್ಲದ ಹೊತ್ತಿನಲ್ಲಿ ಪೆಟ್ಟಿಗೆ ತೆಗೆದು ಒಬ್ಬನೇ ಕಲಿತುಕೊಂಡಿದ್ದನಂತೆ. ಇದನ್ನು ಕೇಳಿ ನನಗೆ ಕರುಣೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಪುಸ್ತಕ ಹೋದದ್ದಕ್ಕಿಂತ ಹೆಚ್ಚಾಗಿ, ಓದುವವಳು ನಾನೊಬ್ಬಳೇ ಅನ್ನುವುದೂ ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು.

ಮೂರು ದಿನದ ಮೇಲೆ ಕಾದಂಬರಿಯ ಕೊನೆಯ ಹಾಳೆ ಬಿತ್ತು. ಅವನು ಮಗ್ಗ ನಿಲ್ಲಿಸಿ ಅದನ್ನು ಎತ್ತಿಕೊಂಡ. ಕಥೆ ಕೆಡಿಸಬೇಕೆಂದೇ ನಾನು, ಅವಳು ಬಾವಿಗೆ ಬಿದ್ದಳು, ಅಷ್ಟೇ, ಇನ್ನೇನಿಲ್ಲ ಅಂದುಬಿಟ್ಟೆ. ಅವನು ಸಾಲುಗಳ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ.

“ಬಿದ್ಲು ಅಂತ ಎಲ್ಲೈತೆ?” ಅಂದ. “ಕೊಡ ಬಾವಿಕಟ್ಟೆ ಮ್ಯಾಲೈತೆ. ಬಟ್ಟೆ ಗಂಟು ಮನೇಲಿಲ್ಲ. ಎಣ ಸಿಕ್ತು ಅಂತ ಬರ್ದೇ ಇಲ್ಲ. ಓಡೋಗವ್ಳೆ ಕಣೆ.”

ಹಾಳೆಯನ್ನು ಕಿತ್ತುಕೊಂಡು ಓದಿದೆ. ಬಟ್ಟೆ ಗಂಟಿನ ಸಾಲು ಅಲ್ಲೇ ಇತ್ತು. ಅಳುವ ಆತುರದಲ್ಲಿ ನಾಲ್ಕು ಸಲವೂ ಅದನ್ನು ಹಾರಿಸಿ, ಅವಳನ್ನು ಬಾವಿಗೆ ತಳ್ಳಿದವಳು ನಾನೇ. ಅವತ್ತು ನನ್ನ ಗಂಡನನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.